ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ: ಪೌತಿಯಿಂದ ಪೋಡಿಯವರೆಗೆ ಮಾಡಬೇಕಾದ ಕೆಲಸಗಳು

ಜೇವರ್ಗಿ ತಾಲೂಕಿನ ಎರೆ ಭೂಮಿಯಲ್ಲಿ ನಮ್ಮ ಅಜ್ಜನಿಗೆ ಆರು ಎಕರೆ ಹನ್ನೆರಡು ಗುಂಟೆ ಹೊಲವಿತ್ತು. 1991ರಲ್ಲಿ ಅವರು ತೀರಿಕೊಂಡ ಮೇಲೆ ಅಪ್ಪ ಮತ್ತು ಕಾಕಾ ನಡುವೆ ಒಂದು ಬದು ಹಾಕಿಕೊಂಡು, ಊರ ಹಿರಿಯರ ಮಾತಿನ ಮೇಲೆ ಅರ್ಧರ್ಧ ಉಳುತ್ತಾ ಬಂದರು. ಜಗಳವಿರಲಿಲ್ಲ, ಆದ್ದರಿಂದ ಕಾಗದದ ನೆನಪೂ ಆಗಲಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದು ಕಾಯಿಗೆ ಬರಬೇಕಿದ್ದ ತೊಗರಿ ನಿಂತಲ್ಲೇ ಕೊಳೆತಾಗ, ಪರಿಹಾರಕ್ಕೆ ಪಹಣಿ ಹಿಡಿದು ಹೋದ ಅಪ್ಪನಿಗೆ ಸಿಕ್ಕ ಉತ್ತರ ಒಂದೇ ಆಗಿತ್ತು: ಪಹಣಿಯಲ್ಲಿರುವ ಹೆಸರಿನವರು ಬರಬೇಕು. ಆ ಹೆಸರಿನವರು ತೀರಿ ಆಗಲೇ 29 ವರ್ಷ ಕಳೆದಿತ್ತು.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಳ್ಳಿಗಳಲ್ಲಿ ಇಂಥ ಪಹಣಿಗಳು ಇನ್ನೂ ಬಹಳಷ್ಟಿವೆ. ಹೊಲ ನಮ್ಮ ಕೈಯಲ್ಲೇ ಇದೆಯಲ್ಲ ಎಂಬ ಧೈರ್ಯದಲ್ಲಿ ಜನ ಇದನ್ನು ಮುಂದೂಡುತ್ತಾರೆ. ಆದರೆ ಸೊಸೈಟಿಯ ಬೆಳೆ ಸಾಲ, ಬೆಳೆ ವಿಮೆ, ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್, ಮಳೆಯಾಶ್ರಿತ ಬೆಳೆ ಹಾಳಾದಾಗ 2022ರ ಪರಿಷ್ಕೃತ ಕೇಂದ್ರ ಮಾನದಂಡದಂತೆ ಹೆಕ್ಟೇರಿಗೆ 8,500 ರೂಪಾಯಿಯ ಲೆಕ್ಕದಲ್ಲಿ ಎರಡು ಹೆಕ್ಟೇರಿನವರೆಗೆ ಸಿಗುವ ಪರಿಹಾರ, ಕಾಲುವೆಗೋ ರಸ್ತೆಗೋ ಭೂಮಿ ಹೋದರೆ ಬರುವ ಹಣ, ಇವೆಲ್ಲವೂ ಬದುವನ್ನು ನೋಡಿ ಬರುವುದಿಲ್ಲ, ಪಹಣಿಯ ಹೆಸರನ್ನು ನೋಡಿ ಬರುತ್ತವೆ. ಆದ್ದರಿಂದ ಸಣ್ಣ ಹಿಡುವಳಿದಾರರು ಮೊದಲು ಮಾಡಬೇಕಾದದ್ದು ಪೌತಿ ಖಾತೆ (ತೀರಿದವರ ಹೆಸರಿನ ಬದಲು ವಾರಸುದಾರರ ಹೆಸರನ್ನು ಪಹಣಿಗೆ ತರುವುದು), ಅದರ ಬೆನ್ನಿಗೇ ವಿಭಾಗ ಮತ್ತು ಪೋಡಿ (ಪ್ರತಿ ಪಾಲಿಗೂ ಬೇರೆ ಪಹಣಿ ಮಾಡಿಸುವುದು) ಎಂಬುದು ನಮ್ಮ ಮನೆಯ ಅನುಭವದಿಂದ ನಾನು ಕಂಡುಕೊಂಡ ಮಾತು. ಆ ಕೆಲಸದ ದಾರಿಯನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ಪಹಣಿಯನ್ನು ಓದಿ

ನಾಡಕಚೇರಿಯಲ್ಲಿ ಅಥವಾ ತಾಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಸರ್ವೇ ನಂಬರ್ ಹೇಳಿ ಈ ವರ್ಷದ ಪಹಣಿಯ ದೃಢೀಕೃತ ಪ್ರತಿಯನ್ನು ತೆಗೆಸಿಕೊಳ್ಳಿ. ಮೊಬೈಲಿನಲ್ಲಿ ನೋಡುವ ಪಹಣಿ ತಿಳಿವಳಿಕೆಗೆ ಸಾಕಾದರೂ ಅರ್ಜಿಯ ಜೊತೆ ಇಡುವುದಕ್ಕೆ ದೃಢೀಕೃತ ಪ್ರತಿಯೇ ಬೇಕು. ಅದನ್ನು ಮನೆಗೆ ತಂದು, ಓದು ಬಲ್ಲ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಕಾಲಂ ಕಾಲಂ ನೋಡಬೇಕು. ಮೂರನೆಯ ಕಾಲಮಿನಲ್ಲಿ ವಿಸ್ತೀರ್ಣವಿರುತ್ತದೆ. ಅಲ್ಲಿ 6.12 ಎಂದಿದ್ದರೆ ಆರು ಎಕರೆ ಹನ್ನೆರಡು ಗುಂಟೆ ಎಂದು ಓದಬೇಕು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಇದನ್ನು ದಶಾಂಶವೆಂದು ತಿಳಿದು ಪಾಲು ಹಾಕಿದವರು ಎಡವಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ಕಾಲಮಿನಲ್ಲಿ ಖರಾಬು ಎಷ್ಟಿದೆ ಎಂಬುದೂ ಇರುತ್ತದೆ. ಅ ಖರಾಬು ಸಾಗುವಳಿಗೆ ಬಾರದ ನೆಲ, ಬ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಯ ನೆಲ. ಬ ಖರಾಬನ್ನು ಒತ್ತಿ ಉಳುತ್ತಿದ್ದರೆ ಅದನ್ನು ಪಾಲಿನ ಲೆಕ್ಕಕ್ಕೆ ಸೇರಿಸಬಾರದು.

ಒಂಬತ್ತನೆಯ ಕಾಲಂ ಭೂಮಾಲೀಕರ ಹೆಸರಿನದು, ಹತ್ತನೆಯದು ಆ ಹೆಸರು ಯಾವ ರೀತಿಯಲ್ಲಿ ಬಂತು ಎಂಬುದರದು. ಅಲ್ಲಿ ಬರೆದಿರುವ ಎಂ.ಆರ್. ಸಂಖ್ಯೆಯನ್ನು, ಅಂದರೆ ಮ್ಯುಟೇಶನ್ (ಹಕ್ಕು ಬದಲಾವಣೆ) ಸಂಖ್ಯೆಯನ್ನು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಹಿಂದಿನ ದಾಖಲೆಗಳನ್ನು ಹುಡುಕಲು ಅದೇ ಎಳೆ. ಹನ್ನೊಂದನೆಯ ಕಾಲಮಿನಲ್ಲಿ ಋಣಗಳು ಮತ್ತು ಇತರ ಹಕ್ಕುಗಳು ಇರುತ್ತವೆ. ಅಜ್ಜ ಎಂದೋ ತೆಗೆದು ಎಂದೋ ತೀರಿಸಿದ ಸಾಲ ಅಲ್ಲಿ ಇನ್ನೂ ಕುಳಿತಿದ್ದರೆ ಸೊಸೈಟಿ ಅಥವಾ ಬ್ಯಾಂಕಿನಿಂದ ಬೇಬಾಕಿ ಪತ್ರ ತಂದು ಅದನ್ನು ತೆಗೆಸಬೇಕು. ಹನ್ನೆರಡನೆಯ ಕಾಲಮಿನಲ್ಲಿ ಸಾಗುವಳಿ ಮಾಡುವವರ ಹೆಸರು ಮತ್ತು ಬೆಳೆ ನಮೂದಾಗಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಹೆಸರಿನ ಅಕ್ಷರ. ನಮ್ಮ ಕಡೆ ಒಬ್ಬನೇ ಮನುಷ್ಯ ಪಹಣಿಯಲ್ಲಿ ಶರಣಪ್ಪ, ಆಧಾರಿನಲ್ಲಿ ಶರಣಬಸಪ್ಪ, ಸೊಸೈಟಿಯ ಪಾಸ್ ಪುಸ್ತಕದಲ್ಲಿ ಬಸಪ್ಪ ಆಗಿರುತ್ತಾನೆ. ಒಂದು ಕಡೆ ಮನೆತನದ ಹೆಸರಿದ್ದರೆ ಇನ್ನೊಂದು ಕಡೆ ಇರುವುದಿಲ್ಲ. ತೀರಿಹೋದವರ ಆಧಾರನ್ನು ತಿದ್ದಲು ಬರುವುದಿಲ್ಲವಾದ್ದರಿಂದ, ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯ ಮುಂದೆ ಮಾಡಿಸಿ ಅರ್ಜಿಯೊಂದಿಗೆ ಇಡಬೇಕಾಗುತ್ತದೆ. ಬದುಕಿರುವ ವಾರಸುದಾರರ ಹೆಸರುಗಳನ್ನು ಮಾತ್ರ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಹಳೆಯ ದಾಖಲೆಯ ಬೇರು

ಕೈಬರಹದ ಪಹಣಿಗಳು ನಿಂತು ಎಲ್ಲವೂ ಕಂಪ್ಯೂಟರಿಗೆ ಬಂದದ್ದು 2000ದ ಆಚೀಚಿನ ಭೂಮಿ ಯೋಜನೆಯಲ್ಲಿ. ಆಗ ಬೆರಳಚ್ಚಿನಲ್ಲಿ ಬಿದ್ದ ತಪ್ಪುಗಳು ಇಂದಿಗೂ ಹಾಗೇ ಇವೆ. ಅವನ್ನು ತಿದ್ದಿಸಬೇಕಾದರೆ ಹಿಂದಿನ ಕೈಬರಹದ ದಾಖಲೆಯನ್ನು ತೋರಿಸಬೇಕು. ನಮ್ಮ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇದ್ದ ಕಾರಣ, ಇಲ್ಲಿಯ ಬೇರಿನ ದಾಖಲೆ ಎಂದರೆ 1954-55ರ ಖಾಸರಾ ಪಹಣಿ. ಅದಕ್ಕೂ ಹಿಂದಿನ ಸೇತ್ವಾರ್‌ನಂಥ ಕಾಗದಗಳು ಉರ್ದುವಿನಲ್ಲಿರುವುದುಂಟು. ಅಂಥದು ಸಿಕ್ಕರೆ ಉರ್ದು ಬಲ್ಲವರಿಂದ ಓದಿಸಿ ಕನ್ನಡ ಅನುವಾದ ಮಾಡಿಸಿಕೊಳ್ಳಬೇಕು. ತಾಲೂಕು ಕಚೇರಿಯ ದಾಖಲೆ ಕೋಣೆಗೆ ಅರ್ಜಿ ಕೊಟ್ಟು ಖಾಸರಾ ಪಹಣಿ, ಹಳೆಯ ಮ್ಯುಟೇಶನ್ ಮತ್ತು ಆಕಾರಬಂದಿನ (ಸರ್ವೇ ನಂಬರಿನ ವಿಸ್ತೀರ್ಣ, ಕಂದಾಯ ತೋರಿಸುವ ದಾಖಲೆ) ದೃಢೀಕೃತ ನಕಲು ಕೇಳಿ. ಭೂ ಸುರಕ್ಷಾ ಯೋಜನೆಯಲ್ಲಿ ಈ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ ಹುಡುಕಾಟ ಮೊದಲಿನಷ್ಟು ಕಷ್ಟವಲ್ಲ. ಉತ್ತರವೇ ಬಾರದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕೆಂದು 2005ರ ಆ ಕಾಯ್ದೆ ಹೇಳುತ್ತದೆ.

ಹೊಲದ ಬಗ್ಗೆ ತಕರಾರು ಇಲ್ಲದ, ಹೆಸರು ಸರಿಯಾಗಿರುವ ಕುಟುಂಬದವರು ಈ ಹಂತವನ್ನು ಬಿಟ್ಟು ಮುಂದೆ ಹೋಗಬಹುದು.

ಮರಣ ಪತ್ರ ಮತ್ತು ವಂಶಾವಳಿ

ಪೌತಿಗೆ ತಳಪಾಯ ಮರಣ ಪ್ರಮಾಣ ಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕೆಂಬುದು ನಿಯಮ. ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ನಮ್ಮ ಅಜ್ಜನ ಸಾವನ್ನು ಯಾರೂ ನೋಂದಾಯಿಸಿರಲಿಲ್ಲ, ಹಾಗಾಗಿ ಈ ಒಂದು ಕಾಗದಕ್ಕೆ ಹಿಡಿದ ಕಾಲ ಉಳಿದೆಲ್ಲ ಕೆಲಸಗಳಿಗಿಂತ ಹೆಚ್ಚು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ದಿನಕರ್ಮ ಮುಗಿದ ವಾರದಲ್ಲೇ ನೋಂದಣಿ ಮಾಡಿಸಿ. ದುಃಖದ ಹೊತ್ತಿನಲ್ಲಿ ಕಾಗದದ ಮಾತಾಡುವುದು ಕಷ್ಟವೆಂದು ನನಗೂ ಗೊತ್ತು, ಆದರೂ ಇದನ್ನು ಹೇಳದೆ ಇರಲಾರೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 128ನೇ ಕಲಮು ಕೂಡ, ವಾರಸಿನಿಂದ ಹಕ್ಕು ಪಡೆದವರು ಮೂರು ತಿಂಗಳೊಳಗೆ ಅದನ್ನು ವರದಿ ಮಾಡಬೇಕೆನ್ನುತ್ತದೆ. ತಡವಾಯಿತೆಂದು ಹಕ್ಕು ಹೋಗುವುದಿಲ್ಲ, ದಾರಿ ಮಾತ್ರ ಉದ್ದವಾಗುತ್ತದೆ.

ಇನ್ನು ವಂಶಾವಳಿ. ಇದನ್ನು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯಬೇಕು. ಗ್ರಾಮ ಆಡಳಿತ ಅಧಿಕಾರಿ ಊರಿನಲ್ಲಿ ವಿಚಾರಿಸಿ ವರದಿ ಕೊಡುತ್ತಾರೆ. ಇದರಲ್ಲಿ ಯಾರ ಹೆಸರನ್ನೂ ಬಿಡಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಹೆಂಡತಿ, ಗಂಡುಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ತಂದೆಗಿಂತ ಮೊದಲೇ ತೀರಿದ ಮಗನ ಹೆಂಡತಿ ಮತ್ತು ಮಕ್ಕಳು, ತೀರಿದವರ ತಾಯಿ ಬದುಕಿದ್ದರೆ ಆಕೆ, ಎಲ್ಲರೂ ಅದರಲ್ಲಿ ಬರಬೇಕು.

ಹೆಣ್ಣುಮಕ್ಕಳ ಪಾಲು

ನಮ್ಮ ಹಳ್ಳಿಗಳಲ್ಲಿ ಪೌತಿ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹಿಂದೂ ಕುಟುಂಬದಲ್ಲಿ ಒಬ್ಬರು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಅವರು ಸ್ವಂತ ದುಡಿದು ಕೊಂಡ ಹೊಲದಲ್ಲಿ ಹೆಂಡತಿ, ಮಗ, ಮಗಳಿಗೆ 1956ರ ಉತ್ತರಾಧಿಕಾರ ಕಾಯ್ದೆಯಿಂದಲೇ ಸಮ ಪಾಲಿದೆ. ಪಿತ್ರಾರ್ಜಿತ ಹೊಲದಲ್ಲಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ತಂದೆ ಆ ದಿನ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ವಿನೀತಾ ಶರ್ಮಾ ಪ್ರಕರಣದ ತೀರ್ಪಿನಲ್ಲಿ ಬಗೆಹರಿಸಿ, ಬದುಕಿರಬೇಕಿಲ್ಲ ಎಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ವಿಭಾಗಗಳನ್ನು ಮಾತ್ರ ಇದು ಅಲುಗಾಡಿಸುವುದಿಲ್ಲ. ಮುಸ್ಲಿಂ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ. ಮಕ್ಕಳಿದ್ದಾಗ ಹೆಂಡತಿಗೆ ಎಂಟನೇ ಒಂದು ಭಾಗ, ಮಗಳಿಗೆ ಮಗನ ಪಾಲಿನ ಅರ್ಧ.

ಅಕ್ಕತಂಗಿಯರಿಂದ ಛಾಪಾ ಕಾಗದದ ಮೇಲೆ ಒಂದು ಒಪ್ಪಿಗೆ ಸಹಿ ತೆಗೆದುಕೊಂಡು ಅಣ್ಣತಮ್ಮಂದಿರ ಹೆಸರಿಗಷ್ಟೇ ಪೌತಿ ಮಾಡಿಸುವುದು ನಮ್ಮ ಕಡೆ ರೂಢಿಯಾಗಿದೆ. ಇದು ಸುಲಭವಾಗಿ ಕಾಣುತ್ತದೆ, ಆದರೆ ಗಟ್ಟಿಯಲ್ಲ. ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡಲು ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಬೇಕು. ಬರಿಯ ಒಪ್ಪಿಗೆಯ ಮೇಲೆ ಬದಲಾದ ಪಹಣಿಯನ್ನು ಮುಂದಿಟ್ಟುಕೊಂಡು ಹೊಲ ಮಾರಲು ಹೋದಾಗ, ವರ್ಷಗಳ ನಂತರ ಪಾಲಿನ ದಾವೆ ಬೀಳುತ್ತದೆ. ಅದಕ್ಕಿಂತ ಮೊದಲು ಎಲ್ಲ ವಾರಸುದಾರರ ಹೆಸರನ್ನೂ ಜಂಟಿಯಾಗಿ ಪಹಣಿಗೆ ತರುವುದು, ಆಮೇಲೆ ಮನಸ್ಸಿದ್ದವರು ತಾವಾಗಿ ನೋಂದಣಿ ಕಚೇರಿಗೆ ಬಂದು ಬಿಟ್ಟುಕೊಡುವುದು, ಇದೇ ನ್ಯಾಯದ ಮತ್ತು ಭದ್ರವಾದ ದಾರಿ. ನಮ್ಮಲ್ಲಿ ಅಪ್ಪ, ಕಾಕಾ ಮತ್ತು ಇಬ್ಬರು ಅತ್ತೆಯರು ಸೇರಿ ನಾಲ್ಕು ಜನ. 252 ಗುಂಟೆಯನ್ನು ನಾಲ್ಕು ಮಾಡಿದರೆ ತಲಾ 63, ಅಂದರೆ ಒಂದು ಎಕರೆ ಇಪ್ಪತ್ತಮೂರು ಗುಂಟೆ. ದೊಡ್ಡತ್ತೆ ಎರಡು ವರ್ಷದ ನಂತರ ತಾವೇ ಬಂದು ಬಿಡುಗಡೆ ಪತ್ರ ಬರೆದುಕೊಟ್ಟರು. ಗಂಡನನ್ನು ಕಳೆದುಕೊಂಡ ಸಣ್ಣತ್ತೆ ತಮ್ಮ ಪಾಲನ್ನು ಉಳಿಸಿಕೊಂಡರು. ಈಗ ರಾಶಿಯ ಕಾಲಕ್ಕೆ ಅವರ ಪಾಲಿನ ತೊಗರಿ ಚೀಲ ಮೊದಲು ಬೇರೆಯಾಗಿ ನಿಲ್ಲುತ್ತದೆ, ಮತ್ತು ಅಪ್ಪ ಅದನ್ನು ಸಂತೋಷದಿಂದಲೇ ತೂಗಿಸಿ ಕೊಡುತ್ತಾರೆ.

ಸಹಿಗೆ, ಆಧಾರಿನ ಓಟಿಪಿಗೆ ಎಲ್ಲರೂ ಸಿಗುವುದೇ ಇನ್ನೊಂದು ಕಷ್ಟ. ಒಬ್ಬರು ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ, ಇನ್ನೊಬ್ಬರು ಹೈದರಾಬಾದಿಗೆ, ಮತ್ತೊಬ್ಬರು ಸೊಲ್ಲಾಪುರದ ಗಂಡನ ಮನೆಯಲ್ಲಿ ಇರುತ್ತಾರೆ. ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರುತ್ತಾರೆ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ದುಡಿಯಲು ಹೋದವರೂ ಹೊಲಕ್ಕೆ ಬರುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಬಜ್ಜಿ, ಸಜ್ಜಿ ರೊಟ್ಟಿ ಬಿಚ್ಚಿ ಎಲ್ಲರೂ ಒಂದೇ ಕಡೆ ಕುಳಿತಿರುವ ಆ ದಿನ ಪಾಲಿನ ಮಾತಿಗೆ ಯೋಗ್ಯವಾದದ್ದು. ಹಬ್ಬದ ಮರುದಿನ ಕಚೇರಿಗೆ ಹೋಗುವಂತೆ ಕಾಗದಗಳನ್ನು ಮುಂಚೆಯೇ ಸಿದ್ಧಮಾಡಿಡಿ, ಮತ್ತು ಎಲ್ಲರಿಗೂ ಆಧಾರಿಗೆ ಜೋಡಿಸಿದ ಮೊಬೈಲನ್ನು ತರಲು ತಪ್ಪದೆ ಹೇಳಿ.

ಅರ್ಜಿಯಿಂದ ಹೆಸರು ಬರುವವರೆಗೆ

ಪಹಣಿ, ಮರಣ ಪತ್ರ, ವಂಶಾವಳಿ, ಎಲ್ಲರ ಆಧಾರ್ ಪ್ರತಿ, ಬೇಕಾದಲ್ಲಿ ಪ್ರಮಾಣಪತ್ರ, ಇವಿಷ್ಟನ್ನು ಸೇರಿಸಿ ನಾಡಕಚೇರಿಯಲ್ಲಿ ಪೌತಿ ಅರ್ಜಿ ಕೊಡಬೇಕು. 2025ರಿಂದ ನಡೆಯುತ್ತಿರುವ ಇ-ಪೌತಿ ಆಂದೋಲನದಲ್ಲಿ ಗ್ರಾಮ ಆಡಳಿತ ಅಧಿಕಾರಿಯೇ ಊರಿಗೆ ಬಂದು ವಿವರ ತೆಗೆದುಕೊಳ್ಳುವ ವ್ಯವಸ್ಥೆಯಿದೆ, ಹಾಗಾಗಿ ಮೊದಲು ಅವರನ್ನು ಕಾಣಿರಿ. ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಕೇಳಿ ಪಡೆಯಬೇಕು. ನಿಗದಿತ ದಿನದೊಳಗೆ ಸೇವೆ ಕೊಡುವ ಸರ್ಕಾರದ ಸಕಾಲ ಯೋಜನೆಯಡಿ ಬರುವ ಸೇವೆಗೆ 15 ಅಂಕಿಯ ಸಂಖ್ಯೆ ಕೊಡುತ್ತಾರೆ. ಸಂಖ್ಯೆಯಿಲ್ಲದೆ ಕೊಟ್ಟ ಅರ್ಜಿ ಕೊಟ್ಟಂತೆ ಲೆಕ್ಕವಾಗುವುದಿಲ್ಲ.

ಅರ್ಜಿ ದಾಖಲಾದ ಮೇಲೆ 129ನೇ ಕಲಮಿನಂತೆ ಚಾವಡಿಯಲ್ಲಿ ನೋಟಿಸು ಅಂಟಿಸಿ, ಸಂಬಂಧಪಟ್ಟವರಿಗೂ ತಿಳಿಸಿ, ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ ಕೊಡುತ್ತಾರೆ. ಆಕ್ಷೇಪಣೆ ಬಾರದಿದ್ದರೆ ಕಂದಾಯ ನಿರೀಕ್ಷಕರು ಪ್ರಮಾಣೀಕರಿಸುತ್ತಾರೆ, ಎಂ.ಆರ್. ಸಂಖ್ಯೆ ಬೀಳುತ್ತದೆ, ಪಹಣಿಯಲ್ಲಿ ಹೊಸ ಹೆಸರುಗಳು ಮೂಡುತ್ತವೆ. ಆಕ್ಷೇಪಣೆ ಬಂದರೆ ಅದು ತಕರಾರು ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ವಿಚಾರಣೆಯ ದಿನ ತಪ್ಪದೆ ಹಾಜರಿರಿ, ಆದೇಶದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಆದೇಶ ಒಪ್ಪಿಗೆಯಾಗದಿದ್ದರೆ 136ನೇ ಕಲಮಿನ ಅಡಿ ಸಹಾಯಕ ಆಯುಕ್ತರಲ್ಲಿ 60 ದಿನದೊಳಗೆ ಮೇಲ್ಮನವಿ, ಅಲ್ಲಿಂದ ಜಿಲ್ಲಾಧಿಕಾರಿಗಳಲ್ಲಿ ಪರಿಶೀಲನಾ ಅರ್ಜಿ. ಯಾರಿಗೆ ಎಷ್ಟು ಹಕ್ಕು ಎಂಬ ಮೂಲ ಪ್ರಶ್ನೆಯನ್ನೇ ಎತ್ತಿದರೆ ಮಾತ್ರ ಸಿವಿಲ್ ಕೋರ್ಟಿಗೇ ಹೋಗಬೇಕು. ಏಕೆಂದರೆ ಪಹಣಿಯ ನಮೂದನ್ನು ಬೇರೆಯೆಂದು ಸಾಬೀತಾಗುವವರೆಗೆ ಸರಿಯೆಂದು ಭಾವಿಸುತ್ತಾರೆಯೇ ಹೊರತು, ಅದು ತಾನಾಗಿ ಒಡೆತನವನ್ನು ಹುಟ್ಟಿಸುವುದಿಲ್ಲ. ಹೆಣ್ಣುಮಕ್ಕಳು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಲು ಪ್ರತಿ ತಾಲೂಕಿನ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ.

ಜಂಟಿ ಹೆಸರಿನಲ್ಲೇ ನಿಲ್ಲಬೇಡಿ

ಜಂಟಿ ಪಹಣಿಯಲ್ಲಿ ಒಬ್ಬರು ಸಾಲ ಕೇಳಿದರೆ ಎಲ್ಲರ ಒಪ್ಪಿಗೆ ಬೇಕು, ಒಬ್ಬರ ಸಾಲ ಬಾಕಿಯಾದರೆ ಎಲ್ಲರ ಹೊಲದ ಮೇಲೆ ಅದರ ಹೆಸರು. ಆದ್ದರಿಂದ ಹೊಂದಾಣಿಕೆ ಇರುವಾಗಲೇ ವಿಭಾಗ ಮಾಡಿಕೊಳ್ಳಿ. ಮೊದಲು 11ಇ ನಕ್ಷೆಗೆ ಅರ್ಜಿ ಕೊಡಬೇಕು. ಸರ್ವೇಯರ್ ಬಂದು ಹೊಲ ಅಳೆದು, ಯಾರ ಪಾಲು ಎಲ್ಲಿ ಎಂದು ಗುರುತಿಸಿ ನಕ್ಷೆ ಮಾಡುತ್ತಾರೆ. ಆ ದಿನ ಎಲ್ಲ ಪಾಲುದಾರರೂ ಹೊಲದಲ್ಲಿ ಇರಬೇಕು. ಬಾವಿ, ಬೋರು, ಹೊಲಕ್ಕೆ ಹೋಗುವ ಬಂಡಿ ದಾರಿ ಯಾರ ಪಾಲಿಗೆ ಬಂದರೂ ಉಳಿದವರಿಗೆ ನೀರು ಮತ್ತು ದಾರಿಯ ಹಕ್ಕು ಹೇಗೆ ಎಂಬುದನ್ನು ವಿಭಾಗ ಪತ್ರದಲ್ಲಿ ಒಂದು ಸಾಲಾಗಿ ಬರೆಸಿ. ಅಣ್ಣತಮ್ಮಂದಿರ ಮಕ್ಕಳ ಕಾಲಕ್ಕೆ ಜಗಳವಾಗುವುದು ಎಕರೆಗಿಂತ ಹೆಚ್ಚಾಗಿ ದಾರಿಗೆ. ಚಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರವನ್ನು, ನಕ್ಷೆಯೊಂದಿಗೆ ತಾಳೆ ನೋಡಿ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ, ಅಲ್ಲಿಂದ ಮ್ಯುಟೇಶನ್ ನಡೆದು ಪ್ರತಿಯೊಬ್ಬರಿಗೂ ಬೇರೆ ಹಿಸ್ಸಾ ಸಂಖ್ಯೆ ಮತ್ತು ಬೇರೆ ಪಹಣಿ ಬರುತ್ತದೆ. ಇದನ್ನೇ ನಾವು ಪೋಡಿಯಾಯಿತು ಎನ್ನುವುದು.

ಪಕ್ಕದ ಹೊಲದವರು ಬದು ಒತ್ತಿದ್ದಾರೆ ಎಂಬ ಅನುಮಾನವಿದ್ದರೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಬೇರೆ ಅರ್ಜಿ ಕೊಡಬೇಕು. ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು ಅಳೆದು ಬಾಂದಿನ ಕಲ್ಲು ಹಾಕಿಸುತ್ತಾರೆ. ಅಳತೆಯನ್ನು ರಾಶಿ ಮುಗಿದು ಹೊಲ ಬೋಳಾಗಿರುವ ಬೇಸಿಗೆಗೆ ಇಟ್ಟುಕೊಳ್ಳಿ, ಏಕೆಂದರೆ ಎರೆ ಮಣ್ಣಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಸರಪಳಿ ಎಳೆಯುವುದೂ ಇಲ್ಲ, ಕಾಲಿಡುವುದೂ ಇಲ್ಲ. ದಿಶಾಂಕ್ ಆ್ಯಪಿನಲ್ಲಿ ಹೊಲದಲ್ಲಿ ನಿಂತು ಸರ್ವೇ ನಂಬರ್ ನೋಡಬಹುದು, ಆದರೆ ಅದನ್ನು ನಂಬಿ ಕಲ್ಲು ಕೀಳಬಾರದು.

ಹೊಸ ಪಹಣಿ ಕೈಗೆ ಬಂದ ಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆಗೆ ಹೊಸ ಹಿಸ್ಸಾವನ್ನು ಜೋಡಿಸಿ, ಪಹಣಿಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಗ್ರಾಮ ಆಡಳಿತ ಅಧಿಕಾರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಪಿಎಂ ಕಿಸಾನ್ ಯೋಜನೆಯಲ್ಲಿ 2019ರ ಫೆಬ್ರವರಿ 1ರ ನಂತರ ಭೂಮಿ ಪಡೆದವರಿಗೆ ಅವಕಾಶವಿಲ್ಲವಾದರೂ, ವಾರಸಿನಿಂದ ಬಂದವರಿಗೆ ಇದೆ. ಬೆಳೆ ಸಮೀಕ್ಷೆಯಲ್ಲಿ ತೊಗರಿಯ ಬದಲು ಹತ್ತಿ ಬಿದ್ದಿದ್ದರೆ ವಿಮೆ ತಿರಸ್ಕೃತವಾಗುತ್ತದೆ. ಅದನ್ನು ಬೆಳೆ ದರ್ಶಕ್ ಆ್ಯಪಿನಲ್ಲಿ ನೋಡಿ ಸಮಯಕ್ಕೆ ಸರಿಯಾಗಿ ಆಕ್ಷೇಪಣೆ ಹಾಕಬೇಕು.

ಹೊಲ ಕೈತಪ್ಪುವ ಮೂರು ದಾರಿಗಳು

ಕೈಗಡ ಸಾಲಕ್ಕೆ ಭದ್ರತೆಯೆಂದು ಖರೀದಿ ಪತ್ರವನ್ನೇ ನೋಂದಾಯಿಸಿಕೊಡುವುದು ಮೊದಲನೆಯದು. ಸಾಲ ತೀರಿಸಿದರೆ ಮರಳಿ ಬರೆದುಕೊಡುತ್ತೇವೆ ಎಂಬುದು ಬಾಯಿಮಾತು, ನೋಂದಣಿ ಕಚೇರಿಯಲ್ಲಿ ಉಳಿಯುವುದು ಮಾರಾಟ. ಮಗಳ ಮದುವೆಗೆ, ಆಸ್ಪತ್ರೆಗೆ ಹಣ ಬೇಕಾದಾಗ ಹೀಗೆ ಬರೆದುಕೊಟ್ಟು ತಮ್ಮದೇ ಹೊಲದಲ್ಲಿ ಕೂಲಿಗೆ ಹೋದವರು ನಮ್ಮೂರಲ್ಲೇ ಇದ್ದಾರೆ. ಅಡವು ಇಡಲೇಬೇಕಾದರೆ ಅಡವು ಪತ್ರವನ್ನೇ ಬರೆಸಿ, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ, ವರ್ಷಕ್ಕೊಮ್ಮೆ ನಿಮ್ಮ ಸರ್ವೇ ನಂಬರಿನ ಋಣಭಾರ ಪತ್ರ ತೆಗೆಸಿ ನೋಡಿ.

ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವುದು, ಮಾರುವುದು ಎರಡನೆಯದು. 1978ರ ಪಿಟಿಸಿಎಲ್ ಕಾಯ್ದೆಯಡಿ ಅಂಥ ಮಾರಾಟ ಅಸಿಂಧು. ಭೂಮಿ ಕಳೆದುಕೊಂಡ ಕುಟುಂಬದವರು ಸಹಾಯಕ ಆಯುಕ್ತರಲ್ಲಿ ಅರ್ಜಿ ಹಾಕಿ ಮರಳಿ ಕೇಳಬಹುದು. ಇದಕ್ಕೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ನಿಮ್ಮ ಪಹಣಿಯ ಮೂಲ ಮಂಜೂರಾತಿಯೇ ಆಗಿದ್ದರೆ ಸಾಗುವಳಿ ಚೀಟಿಯನ್ನು (ಮಂಜೂರಾತಿ ಪತ್ರವನ್ನು) ಜೋಪಾನವಾಗಿಡಿ.

ಮೂರನೆಯದು ಲಾವಣಿ, ಅಂದರೆ ಗೇಣಿ. ಬೇರೆಯವರ ಹೊಲವನ್ನು ಲಾವಣಿಗೋ ಪಾಲಿಗೋ ಮಾಡುವವರು ನಮ್ಮ ಜಿಲ್ಲೆಗಳಲ್ಲಿ ಬಹಳ, ಆದರೆ ಭೂ ಸುಧಾರಣಾ ಕಾಯ್ದೆಯ 5ನೇ ಕಲಮಿನಂತೆ ಸೈನಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. 1974ರ ಮಾರ್ಚ್ 1ಕ್ಕೆ ಗೇಣಿದಾರರಾಗಿದ್ದವರಿಗೆ ಭೂ ನ್ಯಾಯಮಂಡಳಿಯಲ್ಲಿ ಹಕ್ಕು ಕೇಳಲು ಇದ್ದ ಅವಕಾಶ 1979ರ ಜೂನ್ 30ಕ್ಕೆ ಮುಗಿದಿದೆ. ಆಗ ಹಕ್ಕು ಪಡೆದವರ ಮಕ್ಕಳು ನಮೂನೆ 10ರ ಪ್ರಮಾಣ ಪತ್ರ ಮತ್ತು ನ್ಯಾಯಮಂಡಳಿಯ ಆದೇಶದ ನಕಲನ್ನು ಈಗಲೇ ತೆಗೆಸಿಟ್ಟುಕೊಳ್ಳಬೇಕು, ಏಕೆಂದರೆ ಪೌತಿಯಲ್ಲಿ ತಕರಾರು ಬಂದಾಗ ಅವೇ ಆಧಾರ. ಇಂದಿನ ಲಾವಣಿದಾರರಿಗೆ ಕಾಗದದ ರಕ್ಷಣೆ ಇಲ್ಲವೆಂಬುದು ದೊಡ್ಡ ಅನ್ಯಾಯವೆಂದೇ ನಾನು ತಿಳಿದಿದ್ದೇನೆ, ಹೊಲದಲ್ಲಿ ಬೆವರು ಸುರಿಸುವವರು ಅವರೇ ಆಗಿದ್ದಾರೆ. ಅವರು ಬ್ಯಾಂಕಿನ ಜಂಟಿ ಬಾಧ್ಯತಾ ಗುಂಪುಗಳ ಮೂಲಕ ಸಾಲ ಕೇಳಬಹುದು. ಬಿತ್ತುವ ಮೊದಲೇ ಬೆಳೆ ಪರಿಹಾರ ಬಂದರೆ ಯಾರಿಗೆ ಎಷ್ಟು ಎಂಬುದನ್ನು ಹೊಲದ ಯಜಮಾನರೊಂದಿಗೆ ಇಬ್ಬರು ಹಿರಿಯರ ಮುಂದೆ ಮಾತಾಡಿಕೊಂಡಿರಬೇಕು.

ನಮ್ಮ ಅಪ್ಪನ ಹೆಸರಿನ ಪಹಣಿ ಬಂದ ದಿನ ಅವರು ಅದನ್ನು ಎರಡು ಸಲ ಓದಿಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಜ್ಜನ ಖಾಸರಾ ಪಹಣಿಯ ನಕಲಿನೊಂದಿಗೆ ಟ್ರಂಕಿನಲ್ಲಿಟ್ಟರು. ಮರುವರ್ಷದ ಮುಂಗಾರಿಗೆ ಸೊಸೈಟಿಯ ಬೆಳೆ ಸಾಲದ ಅರ್ಜಿಗೆ ಹಾಕಿದ ಸಹಿ ಅವರ ಸ್ವಂತ ಹೆಸರಿನದಾಗಿತ್ತು.